ಅಟ್ಟದ ಕಾಯಿಗೆ ಕಿವಿ ಕೊಡದ ವರ್ಷ

ಪ್ರತಿ ನವೆಂಬರಿನಲ್ಲೂ ನಾನು ಬದುಕಿದ್ದೇನೆ ಎಂದು ತೋರಿಸಿ ಬರಲು ಅರಸೀಕೆರೆಗೆ ಹೋಗುತ್ತೇನೆ. ಈಗ ಬೇಲೂರಿನಲ್ಲಿ ಮಗಳ ಜೊತೆ ಇದ್ದರೂ ಪೆನ್ಷನ್ ಬರುವ ಬ್ಯಾಂಕು ಅಲ್ಲೇ ಇದೆ. ಬೇಲೂರಿನ ಬ್ರಾಂಚಿಗೆ ಬದಲಾಯಿಸಿಕೊಳ್ಳಮ್ಮ ಎಂದು ಮಗಳು ರೂಪಾ ಎಷ್ಟೋ ಸಲ ಹೇಳಿದ್ದಾಳೆ. ಆಗಲಿ ಎನ್ನುತ್ತೇನೆ, ಬದಲಾಯಿಸುವುದಿಲ್ಲ. ಈ ಸಲ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದಾಗ ಗೇಟಿನ ಪಕ್ಕ ಕೊಬ್ಬರಿ ಮೂಟೆ ಹೇರಿದ ಟೆಂಪೋ ನಿಂತಿತ್ತು. ಗದ್ದಲ ತಡೆಯಲಾರದೆ ಹಿಯರಿಂಗ್ ಏಡನ್ನು ತೆಗೆದು ಪರ್ಸಿಗೆ ಹಾಕಿಕೊಂಡಿದ್ದೆ. ಹಾಗಾಗಿ ಹಾರ್ನು, ಕಂಡಕ್ಟರುಗಳ ಕೂಗು ಎಲ್ಲ ಎಲ್ಲೋ ದೂರದಲ್ಲಿತ್ತು. ವಾಸನೆ ಮಾತ್ರ ನೇರವಾಗಿ ಬಂತು. ಒಣಕೊಬ್ಬರಿಯ ವಾಸನೆ, ಅದರೊಳಗೆ ತೆಳ್ಳಗೆ ಸೌದೆ ಹೊಗೆ. ಬಸ್ಸು ಬಂದು ಹೋಯಿತು. ನಾನು ಟೆಂಪೋ ನೋಡುತ್ತಾ ನಿಂತೇ ಇದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಅದು ನನ್ನ ಸರ್ವಿಸ್‌ನ ಕೊನೆಯ ವರ್ಷ, ರೂಪಾಳ ಮದುವೆಯಾದ ವರ್ಷವೂ ಅದೇ. ಜನ ಕೇಳಿದರೆ ಇವೆರಡನ್ನೇ ಹೇಳುತ್ತೇನೆ. ಮೂರನೆಯದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಒಬ್ಬರಿಗೆ ಹೇಳಿದೆ, ಆದರೆ ಅದು ಹೇಳಿದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಟೇಬಲ್ ಮ್ಯಾನರ್ಸ್ ಗೊತ್ತಿತ್ತು, ರಾಗಿ ಮುದ್ದೆ ಕೂಡಿಸಲು ಬರುತ್ತಿರಲಿಲ್ಲ. ನಮ್ಮತ್ತೆ ಪುಟ್ಟಲಕ್ಷಮ್ಮನವರು ಹಳೇಬೀಡಿನ ಹೆಣ್ಣು, ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವರು. ಬಂದ ವಾರದಲ್ಲೇ ನನ್ನ ಕೈಯಿಂದ ಸೌಟು ಕಿತ್ತುಕೊಂಡು, "ನೀನು ಓದಿರೋಳು, ಹೋಗಿ ಪಾಠ ಹೇಳು. ಒಲೆ ನಂದು" ಅಂದರು. ಮೂವತ್ತು ವರ್ಷ ಒಲೆ ಅವರದೇ ಆಗಿತ್ತು. ನಮ್ಮವರು ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಶಿಫ್ಟ್ ಡ್ಯೂಟಿ ಮಾಡುತ್ತಿದ್ದರು. ನಾನು ಎಂಟೂಮುಕ್ಕಾಲಿಗೆ ಮನೆ ಬಿಡುತ್ತಿದ್ದೆ. ನನ್ನ ಟಿಫನ್ ಬಾಕ್ಸು ಒಂದು ದಿನವೂ ತಡವಾಗಲಿಲ್ಲ. ನನ್ನ ಪಂಕ್ಚುಯಾಲಿಟಿಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಅದು ಯಾರದು ಎಂದು ನನಗಷ್ಟೇ ಗೊತ್ತಿತ್ತು.

ಒಲೆಯ ಹಾಗೆ ಅಟ್ಟವೂ ಅತ್ತೆಯದೇ. ಹಾರನಹಳ್ಳಿ ದಾರಿಯಲ್ಲಿ ನಮಗೊಂದು ಸಣ್ಣ ತೆಂಗಿನ ತೋಟವಿತ್ತು. ಯುಗಾದಿ ಕಳೆದ ಮೇಲೆ ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ತಂದು ಬಚ್ಚಲ ಒಲೆಯ ಮೇಲಿನ ಬಿದಿರಿನ ಅಟ್ಟಕ್ಕೆ ಏರಿಸುತ್ತಿದ್ದರು. ಆಮೇಲೆ ಹತ್ತು, ಹನ್ನೊಂದು ತಿಂಗಳು ಅವನ್ನು ಯಾರೂ ಮುಟ್ಟುವ ಹಾಗಿಲ್ಲ. ಕೆಳಗಿನಿಂದ ದಿನವೂ ಹಂಡೆ ಒಲೆಯ ಕಾವು ತಾಗುತ್ತಾ ಇರುತ್ತದೆ. ಕಾಯಿಯೊಳಗಿನ ನೀರು ಮೆಲ್ಲಗೆ ಹಿಂಗುತ್ತದೆ, ತಿರುಳು ಕರಟ ಬಿಟ್ಟು ಬಿಡಿಸಿಕೊಳ್ಳುತ್ತದೆ. ಆಗ ಸುಲಿದು ಕರಟ ಒಡೆದರೆ ಉಂಡೆಯಾಗಿ, ಇಡಿಯಾಗಿ, ಕೊಬ್ಬರಿ ಗಿಟುಕು ಕೈಗೆ ಬರುತ್ತದೆ. ಒಂದು ಹದಿನೈದು ದಿನ ಮೊದಲು ಕೈ ಹಾಕಿದರೂ ಎಲ್ಲ ಹಾಳು.

ಆ ಹದ ನೋಡುವುದು ಕಣ್ಣಿನಿಂದಲ್ಲ, ಕಿವಿಯಿಂದ. ಅಟ್ಟದ ಮೂರು ಮೂಲೆಯಿಂದ ಮೂರು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಮೊದಮೊದಲು ಕುಳುಕುಳು ಎನ್ನುತ್ತದೆ, ಅದು ನೀರು. ಆಮೇಲೆ ಕೆಲವು ವಾರ ಏನೂ ಸದ್ದಿಲ್ಲ. "ಈಗ ಕಾಯಿ ಯೋಚನೆ ಮಾಡ್ತಿದೆ, ಸುಮ್ನಿರ್ಬೇಕು" ಅನ್ನುತ್ತಿದ್ದರು ಅತ್ತೆ. ಕೊನೆಗೆ ಒಂದು ದಿನ ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಲೊಟಲೊಟ ಎನ್ನುತ್ತದೆ. ಆವತ್ತು ಇಳಿಸಬೇಕು. ಅವರ ಗಿಟುಕು ಬೇಲೂರು, ಹಳೇಬೀಡಿನ ನೆಂಟರ ಮನೆಗಳಲ್ಲೆಲ್ಲ ಹೆಸರುವಾಸಿ. ಸಂಕ್ರಾಂತಿ ಎಳ್ಳಿಗೆ ಅದನ್ನೇ ಕತ್ತರಿಸಬೇಕು ಎಂದು ಹಿಂದಿನ ವರ್ಷದ್ದನ್ನು ಕಾಪಾಡಿ ಇಟ್ಟುಕೊಳ್ಳುವವರಿದ್ದರು.

ಆ ವರ್ಷದ ದಸರಾ ಹೊತ್ತಿಗೆ ರೂಪಾಳ ಮದುವೆ ನಿಶ್ಚಯವಾಯಿತು. ಹುಡುಗ ಬೇಲೂರಿನವನು, ಕಾಲೇಜಿನಲ್ಲಿ ಲೆಕ್ಚರರ್. ಮಾಘದಲ್ಲಿ ಬೇಲೂರಿನ ಛತ್ರದಲ್ಲೇ ಮದುವೆ. ದಿನ ಗೊತ್ತಾದ ಸಂಜೆ ಅತ್ತೆ ಬೆರಳು ಮಡಚುತ್ತಾ ಕೂತಿದ್ದರು. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೊರಡುವಾಗ ಮಡಿಲು ತುಂಬುತ್ತೇವೆ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಜೊತೆಗೆ ಎರಡು ಕೊಬ್ಬರಿ ಗಿಟುಕು. ತುಂಬುವವರು ಮುತ್ತೈದೆಯರು. ಅತ್ತೆ ಹದಿನೆಂಟು ವರ್ಷದಿಂದ ವಿಧವೆ.

ರೂಪಾ ಅಜ್ಜಿಯ ತೊಡೆಗೆ ಆತುಕೊಂಡು ಜಗಳ ತೆಗೆದಳು. "ಅಜ್ಜಿ, ನೀವೂ ತುಂಬ್ಬೇಕು. ಯಾರು ಏನಂತಾರೋ ನಾನೂ ನೋಡ್ತೀನಿ."

ಅತ್ತೆಗೆ ಆಗಲೇ ಕಿವಿ ಮಂದವಾಗಿತ್ತು. ರೂಪಾ ಇನ್ನೊಂದು ಸಲ ಕೂಗಿ ಹೇಳಿದಳು.

"ಅಯ್ಯೋ ಸುಮ್ನಿರೇ, ಪಕ್ಕದ ಬೀದಿಗೆ ಕೇಳ್ಸುತ್ತೆ" ಎಂದು ಅತ್ತೆ ನಕ್ಕರು. "ನಾನು ಮುಂದೆ ಬರೋ ಹಾಗಿಲ್ಲ ಕಣೇ. ನನ್ನ ಕೊಬ್ಬರಿ ಬರುತ್ತೆ. ಅದಕ್ಕೇನು ಗಂಡ ಸತ್ತಿದಾನಾ?"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಿಳಿದಿತ್ತು. ಮರೆತೆ, ಅಷ್ಟೇ.

ಆ ಚಳಿಗಾಲದಲ್ಲಿ ಅತ್ತೆಯ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಯಿತು, ತುಟಿ ಕಾಣುವ ಹಾಗೋ ಕಿವಿಗೆ ಬಾಯಿಟ್ಟೋ ಕೂಗಿದರಷ್ಟೇ ತಿಳಿಯುತ್ತಿತ್ತು. ಹಾಸನದ ಡಾಕ್ಟರು ವಯಸ್ಸು ಅಂದರು. ಅವರಿಗೆ ಅದರಿಂದ ದೊಡ್ಡ ದುಃಖವೇನೂ ಆದಂತೆ ಕಾಣಲಿಲ್ಲ. "ರೈಲಿನ ಕಾಟ ತಪ್ಪಿತು" ಅಂದರು. ಜಂಕ್ಷನ್ನಿಗೆ ಹತ್ತಿರದ ಮನೆ ನಮ್ಮದು. ಆದರೆ ಸಂಕ್ರಾಂತಿ ಕಳೆದ ಒಂದು ಭಾನುವಾರ ಅವರು ಅಟ್ಟದ ಏಣಿಯ ಹತ್ತಿರ ಒಂದು ಕಾಯಿ ಹಿಡಿದು, ಬಲಗಿವಿಗೆ ಅಲ್ಲಾಡಿಸಿ, ಎಡಗಿವಿಗೆ ಅಲ್ಲಾಡಿಸಿ, ಮತ್ತೆ ಬಲಗಿವಿಗೆ ತಂದು ನಿಂತಿದ್ದನ್ನು ನೋಡಿದೆ. ನಾನು ನೋಡಿದ್ದು ಗೊತ್ತಾದ ಕೂಡಲೇ ಕಾಯಿಯನ್ನು ಸೆರಗಿನಲ್ಲಿ ಒರೆಸಿದರು, ಒರೆಸಲಿಕ್ಕೇ ತೆಗೆದವರ ಹಾಗೆ.

ಅವತ್ತಿನಿಂದ ಕೇಳುವುದು ನನ್ನ ಪಾಲಿಗೆ ಬಂತು. "ನನ್ನ ಕಿವಿ ನೀನೇ" ಅಂದರು. ಎರಡು ಮೂರು ಸಲ ಸರಿಯಾಗಿಯೇ ಕೇಳಿದೆ. ಏನೂ ಸದ್ದಿಲ್ಲ ಎಂದು ಕೈ ಆಡಿಸಿ ತೋರಿಸಿದೆ. "ಯೋಚನೆ ಮಾಡ್ತಿದೆ" ಎಂದು ಅವರು ತಲೆಯಾಡಿಸಿದರು.

ಮದುವೆಗೆ ಇನ್ನು ಮೂರು ವಾರ. ನನಗೆ ಎಸ್ಸೆಸ್ಸೆಲ್ಸಿ ಮಕ್ಕಳ ಪ್ರಿಪರೇಟರಿ ಪರೀಕ್ಷೆ. ಕೊನೆಯ ಬ್ಯಾಚು, ರಿಸಲ್ಟ್ ಚೆನ್ನಾಗಿ ಬರಬೇಕು ಎಂಬ ಹಟ. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಮದುವೆ ಕೆಲಸಗಳ ಲಿಸ್ಟು ಮಾಡಿ, ಮುಗಿದದ್ದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಿದ್ದೆ. ಕಾಯಿ ಸುಲಿಯುವ ಗಂಗಮ್ಮ ಮತ್ತು ಅವಳ ಗಂಡ ಗುರುವಾರ ಬರುತ್ತೇವೆ, ಆಮೇಲೆ ಶಿವರಾತ್ರಿವರೆಗೆ ಬೇರೆ ಕಡೆ ಒಪ್ಪಿಕೊಂಡಿದ್ದೇವೆ ಎಂದಿದ್ದರು. ನಾನು "ಕೊಬ್ಬರಿ – ಗುರುವಾರ" ಎಂದು ಬರೆದುಕೊಂಡಿದ್ದೆ.

ಆ ಗುರುವಾರ ಬೆಳಿಗ್ಗೆ ಎಂಟೂವರೆ. ಬ್ಯಾಗಿನಲ್ಲಿ ಕ್ವೆಶ್ಚನ್ ಪೇಪರಿನ ಕಟ್ಟು, ಬಾಯಲ್ಲಿ ಹೇರ್‌ಪಿನ್. ಅತ್ತೆ ಸೆರಗಿನಲ್ಲಿ ಮೂರು ಕಾಯಿ ಕಟ್ಟಿಕೊಂಡು ನಡುಮನೆಗೆ ಬಂದರು.

"ಕೈಗೆ ಭಾರ ಅನ್ನಿಸ್ತಿದೆ ಕಣೇ ವತ್ಸಲ. ನೀನು ಕೇಳು."

ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅದೇ ಹೊತ್ತಿಗೆ ಸ್ಟೇಷನ್ನಿನಲ್ಲಿ ಯಾವುದೋ ಗಾಡಿ ಸಿಳ್ಳೆ ಹಾಕಿತು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ನಾನು ಕೇಳಲಿಲ್ಲ. ಕೇಳಿ ತಪ್ಪು ತಿಳಿದುಕೊಂಡೆ ಅಂತಲ್ಲ. ಕಿವಿಯನ್ನೇ ಕೊಡಲಿಲ್ಲ. ಎರಡನೆಯ ಕಾಯಿ ಎತ್ತುವ ಮೊದಲೇ ಹೇರ್‌ಪಿನ್ ತೆಗೆದು ಜೋರಾಗಿ, "ಒಣಗಿದೆ ಅತ್ತೆ! ಲೊಟಲೊಟ ಅಂತಿದೆ!" ಅಂದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಹೌದಾ? ಇಷ್ಟು ಬೇಗ ಒಣಗ್ತಾ? ನೋಡಿದ್ಯಾ, ರೂಪಾ ಮದುವೆ ಅಂತ ಅವಕ್ಕೂ ಗೊತ್ತಾಗಿದೆ!"

ನಾನು ಚಪ್ಪಲಿ ಮೆಟ್ಟಿಕೊಂಡೆ. ಹೋಗುವ ಮುಂಚೆ ಟಿಕ್ ಹಾಕಿದ್ದೆನೇ? ಹಾಕಿದ್ದೆ.

ಸಂಜೆ ಐದಕ್ಕೆ ಮನೆಗೆ ಬಂದಾಗ ಹಿತ್ತಲ ತುಂಬ ಸಿಪ್ಪೆ ಗುಡ್ಡೆ ಬಿದ್ದಿತ್ತು. ಹುಳಿ ಹುಳಿ ವಾಸನೆ. ಗಂಗಮ್ಮನ ಗಂಡ ಗೋಡೆಗೆ ಒರಗಿ ಬೀಡಿ ಸೇದುತ್ತಾ ನಮ್ಮ ಕಡೆ ನೋಡದೆ ಕೂತಿದ್ದ. ಗೋಣಿಯ ಮೇಲೆ ಒಡೆದ ಕಾಯಿಗಳ ರಾಶಿ. ತಿರುಳು ಕರಟ ಬಿಟ್ಟಿರಲಿಲ್ಲ, ಬಿಡಿಸಹೋದ ಕಡೆಯಲ್ಲೆಲ್ಲ ಚೂರುಚೂರಾಗಿತ್ತು. ಕೆಲವುಗಳ ತಳದಲ್ಲಿ ಇನ್ನೂ ಒಂದೊಂದು ಗುಟುಕು ಮಬ್ಬು ನೀರು. ಆ ರಾಶಿಯ ಮುಂದೆ ಅತ್ತೆ ಕಾಲು ಚಾಚಿ ಕೂತು ಒಂದೊಂದನ್ನೇ ಎತ್ತಿ, ತಿರುಗಿಸಿ, ಪಕ್ಕಕ್ಕೆ ಇಡುತ್ತಿದ್ದರು.

"ಎರಡು ಸಿಕ್ಕಿದ್ರೆ ಸಾಕು" ಅಂದರು, ನನಗೋ ತಮಗೋ. "ಮಡಿಲಿಗೆ ಎರಡು ಇಡೀದು. ಮಿಕ್ಕಿದ್ದು ಹೋಗ್ಲಿ."

ನಾನೂ ಸೀರೆ ಎತ್ತಿ ಕಟ್ಟಿಕೊಂಡು ಹುಡುಕಲು ಕೂತೆ. ಬೆಳಕು ಹೋಗುವ ತನಕ ಹುಡುಕಿದೆವು. ಒಂದು ಮಾತ್ರ ಇಡಿಯಾಗಿ ಬಂದಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಉರುಳಿಸಿದರು. ಹಿಂಬದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರಲ್ಲಿ ಹಸಿರು ಬೂಷ್ಟು. ಅದನ್ನೂ ಪಕ್ಕಕ್ಕಿಟ್ಟರು.

ನಮ್ಮವರು ಡ್ಯೂಟಿಯಿಂದ ಬಂದು ಹಿತ್ತಲ ಬಾಗಿಲಲ್ಲಿ ನಿಂತು, "ಇದೇನಮ್ಮ, ಇದು?" ಅಂದರು.

ಅತ್ತೆಗೆ ಕೇಳಿಸಿರಲಾರದು, ಮುಖ ನೋಡಿ ಗೊತ್ತಾಯಿತು. "ನಂದೇ ತಪ್ಪು ಕಣಪ್ಪ. ಕಿವಿ ಕೇಳಲ್ಲ, ಆದ್ರೂ ನಾನೇ ಅಲ್ಲಾಡಿಸಿ ನೋಡಿ ಆಯ್ತು ಅಂದೆ. ವಯಸ್ಸಾಯ್ತು. ಕೈ ಕೆಟ್ಟುಹೋಯ್ತು."

ನಾನು ಬಾಯಿ ತೆರೆದೆ. ನಮ್ಮವರು ತಾಯಿಯನ್ನು ಎಬ್ಬಿಸಲು ಬಗ್ಗಿದ್ದರು. ನಾನು ಒಡೆದ ಕರಟಗಳನ್ನು ಬುಟ್ಟಿಗೆ ತುಂಬತೊಡಗಿದೆ.

ಗಂಗಮ್ಮನನ್ನು ಕಳಿಸಿಕೊಡಲು ಗೇಟಿನವರೆಗೆ ಹೋದೆ. ಅವಳು ಬುಟ್ಟಿ ಸೊಂಟಕ್ಕಿಟ್ಟುಕೊಂಡು ಒಂದು ಗಳಿಗೆ ನಿಂತಳು.

"ಟೀಚರಮ್ಮ, ತಪ್ಪು ತಿಳ್ಕಾಬ್ಯಾಡಿ. ಬೆಳಿಗ್ಗೇನೆ ನಾಕು ಕಾಯಿ ಒಡೆದೇಟ್ಗೆ ನಾನ್ ಹೇಳ್ದೆ, ಹಸಿ ಐತೆ ಕಣವ್ವ, ನಿಲ್ಸಾನ ಅಂತ. ಕಿವಿ ಹತ್ರ ಬಾಯಿಟ್ಟು ಕೂಗ್ದೆ. ಅವ್ವಾರು, ಅಂಚಿನವು ಹಂಗೇ ಇರ್ತವೆ, ನನ್ ಸೊಸೆ ಓದಿರೋಳು, ಕೇಳಿ ಹೇಳವ್ಳೆ, ನೀನು ಸುಲಿ ಅಂದ್ರು. ಈಗ ನೋಡುದ್ರೆ ತಾವೇ ಅಂತವ್ರೆ." ಬುಟ್ಟಿ ಸರಿಮಾಡಿಕೊಂಡಳು. "ಹೋಗ್ಲಿ ಬುಡಿ, ಬತ್ತೀನಿ. ಸಿಪ್ಪೆ ಕಳಚಿದ ಕಾಯಿ ತಿರುಗಾ ಅಟ್ಟ ಹತ್ತೀತಾ?"

ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಫಿಲೋಮಿನಾ ಪ್ರತಿ ಶನಿವಾರ ಚರ್ಚಿನಲ್ಲಿ ಕನ್ಫೆಷನ್ನಿಗೆ ಹೋಗುತ್ತಿದ್ದಳು. ಹಾಗೆಲ್ಲ ಎಲ್ಲರೆದುರು ತಪ್ಪು ಹೇಳಿಕೊಳ್ಳಲು ನಾಚಿಕೆಯಾಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಎಲ್ಲರೆದುರು ಅಲ್ಲ ಕಣೇ, ಫಾದರ್ ಕೂತಿರೋ ಜಾಲರಿ ಹತ್ರ ಬಾಯಿಟ್ಟು ವಿಸ್ಪರ್ ಮಾಡಿದ್ರೆ ಸಾಕು" ಅಂದಿದ್ದಳು. ಆ ರಾತ್ರಿಯಿಂದ ಮದುವೆಯವರೆಗೆ ಅವಳು ಎಷ್ಟು ಸಲ ನೆನಪಾದಳೋ. ನಮ್ಮ ಮನೆಯಲ್ಲಿ ಅತ್ತೆಗೆ ಏನು ಹೇಳಬೇಕಾದರೂ ಕೂಗಬೇಕಿತ್ತು. ಉಪ್ಪು ಸಾಲದು ಎನ್ನುವುದನ್ನೂ ಕೂಗಬೇಕು. ಈ ಮಾತನ್ನು ಕೂಗಿದರೆ ಮನೆ ತುಂಬ ಬಂದಿದ್ದ ನೆಂಟರಿಗೆ, ಮಗಳಿಗೆ, ಗಂಡನಿಗೆ, ಬೀದಿಗೆ ಕೇಳಿಸುತ್ತದೆ. ಕಾಗದದಲ್ಲಿ ಬರೆದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅತ್ತೆ ದಪ್ಪಕ್ಷರವನ್ನು ಒಂದೊಂದೇ ಕೂಡಿಸಿ ಓದುತ್ತಿದ್ದರು. ಬರೆಯಲು ನಾನು ಪೆನ್ನು ತೆಗೆದೂ ಇದ್ದೆ. ಕೈಗೆ ಸಿಕ್ಕಿದ್ದು ಆ ಕೆಂಪು ಪೆನ್ನು. ಮುಚ್ಚಿಟ್ಟೆ.

ಮದುವೆಗೆ ಗಿಟುಕು ಕೊಬ್ಬರಿ ಮಂಡಿಯಿಂದ ಬಂತು. ಬೆಳ್ಳಗೆ, ದುಂಡಗೆ, ಒಂದೇ ಅಳತೆ. ಬೇಲೂರಿನ ಛತ್ರದಲ್ಲಿ ಮಡಿಲು ತುಂಬುವ ಹೊತ್ತಿಗೆ ಅತ್ತೆ ಕಂಬದ ಹಿಂದೆ ಜಮಖಾನದ ತುದಿಯಲ್ಲಿ ಕೂತರು. ರೂಪಾ ಕತ್ತು ತಿರುಗಿಸಿ ತಿರುಗಿಸಿ ಅಜ್ಜಿಯನ್ನು ಹುಡುಕುತ್ತಿದ್ದಳು. ನಾನೇ ಮೊದಲು ಅಕ್ಕಿ ಹಾಕಿದೆ, ಬೆಲ್ಲ ಇಟ್ಟೆ. ಗಿಟುಕು ಕೈಯಲ್ಲಿ ಹಿಡಿದುಕೊಂಡು ಕಂಬದ ಕಡೆ ನೋಡಿದೆ, ಆಮೇಲೆ ಇಟ್ಟೆ. ತಾಯಿಯ ಕರುಳು ಎಂದು ಪಕ್ಕದವರೊಬ್ಬರು ನನ್ನ ಬೆನ್ನು ಸವರಿದರು.

ಆಮೇಲೆ ತಾಂಬೂಲದ ಬುಟ್ಟಿಯಿಂದ ಒಂದು ಗಿಟುಕನ್ನು ಅತ್ತೆ ಎತ್ತಿಕೊಂಡಿದ್ದನ್ನು ಕಂಡೆ. ಮೂಗಿನ ಹತ್ತಿರ ಹಿಡಿದರು, ಹೆಬ್ಬೆರಳಿನಿಂದ ಒತ್ತಿದರು.

"ಚೆನ್ನಾಗಿದೆ" ಅಂದರು ನನಗೆ. "ಯಾರೋ, ಒಳ್ಳೇ ಕೈ."

ವಾಪಸ್ಸು ಬರುವಾಗ ಬಸ್ಸು ಹಳೇಬೀಡಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಅವರ ತವರಿನಲ್ಲಿ ಈಗ ಯಾರೂ ಇರಲಿಲ್ಲ, ಕೆರೆ ಇತ್ತು. ಕಿಟಕಿಯಿಂದ ಆ ಕಡೆಯೇ ನೋಡುತ್ತಾ ಇದ್ದವರು ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದುಕೊಂಡರು. ಕಿವುಡರು ಗುಟ್ಟು ಹೇಳುವಾಗ ಅದು ಗುಟ್ಟಾಗಿ ಉಳಿಯುವುದಿಲ್ಲ. ಅರ್ಧ ಬಸ್ಸಿಗೆ ಕೇಳುವ ಹಾಗೆ ಅಂದರು:

"ನೀನು ಮನಸ್ಸಿಗೆ ಹಚ್ಕೋಬೇಡ ವತ್ಸಲ. ನೀನು ಕೇಳಿದ್ದೆ, ಪಾಪ. ನಿನಗೆ ಗೊತ್ತಾಗ್ಲಿಲ್ಲ. ಮೂವತ್ತು ವರ್ಷ ನಾನೊಬ್ಳೇ ಕೇಳ್ಕೊಂಡು ಕೂತೆ, ನಿನಗೆ ಹೇಳಿಕೊಡ್ಲಿಲ್ಲ. ಅದು ನಂದಲ್ವಾ ತಪ್ಪು?"

ಅಲ್ಲಿಯವರೆಗೆ ನಾನು ಬೇರೆ ತರಹ ತಿಳಿದಿದ್ದೆ. ಅತ್ತೆಗೆ ನನ್ನ ಸುಳ್ಳು ಗೊತ್ತು, ದೊಡ್ಡ ಮನಸ್ಸಿನಿಂದ ಮುಚ್ಚಿದ್ದಾರೆ ಎಂದುಕೊಂಡಿದ್ದೆ. ಅದರಲ್ಲಿ ಒಂದು ಸಮಾಧಾನವಿತ್ತು. ಗೊತ್ತಿರುವವರು ಕ್ಷಮಿಸಬಹುದು. ಆದರೆ ಸೊಸೆ ಕೇಳದೆಯೇ ಹೇಳಿರಬಹುದು ಎಂಬ ಯೋಚನೆ ಕೂಡ ಆ ತಲೆಯೊಳಗೆ ಬಂದಿರಲಿಲ್ಲ. ನಾನು ಕಿಟಕಿಯ ಕಂಬಿ ಹಿಡಿದು ಜಾವಗಲ್ಲಿನವರೆಗೂ ಅಳುತ್ತಲೇ ಇದ್ದೆ. ಮಗಳನ್ನು ಕಳಿಸಿ ಬಂದವಳಲ್ಲವೇ, ಯಾರೂ ಏನೂ ಕೇಳಲಿಲ್ಲ.

ಆ ಯುಗಾದಿಗೆ ಅತ್ತೆ ಅಟ್ಟಕ್ಕೆ ಕಾಯಿ ಹಾಕಲಿಲ್ಲ. "ಮಾರಿಬಿಡು, ಹಸೀದೇ ಹೋಗ್ಲಿ" ಎಂದು ಮಗನಿಗೆ ಹೇಳಿದರು. ಮೊದಲು ಅಟ್ಟ ಬಿಟ್ಟರು. ಆಮೇಲೆ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಒಲೆಯನ್ನೂ ಬಿಟ್ಟರು. ಹಾಲು ಕಾಯಿಸಿ ಇಳಿಸಿದರೂ ನನ್ನನ್ನು ಕರೆದು "ಕಾದಿದೆಯಾ ನೋಡು" ಎನ್ನುತ್ತಿದ್ದರು. ಆ ಮನೆಯಲ್ಲಿ ತಮ್ಮ ಕೈಯ ಮೇಲೆ ಎಲ್ಲರಿಗಿಂತ ಹೆಚ್ಚು ನಂಬಿಕೆ ಇದ್ದವರು ಅವರು. ಜೂನಿನಲ್ಲಿ ನಾನು ರಿಟೈರ್ ಆದೆ. ಸ್ಕೂಲಿನಲ್ಲಿ ಶಾಲು ಹೊದಿಸಿ, ಪ್ರಾಮಾಣಿಕತೆ ಎಂದರೆ ಈ ಮೇಡಂ ಎಂದು ಹೊಗಳಿದರು. ಹಾರದ ಸಮೇತ ಮನೆಗೆ ಬಂದಾಗ ಅತ್ತೆ ಹಾಸಿಗೆಯಿಂದಲೇ, "ಬಂದ್ಯಾ? ಇನ್ನು ಓಡೋದಿಲ್ವಲ್ಲ?" ಅಂದರು.

"ಇಲ್ಲ ಅತ್ತೆ!" ಎಂದು ಕೂಗಿದೆ.

ಶ್ರಾವಣ ಕಾಣಲಿಲ್ಲ ಅವರು. ಜ್ವರವೂ ಅಲ್ಲ, ನೋವೂ ಅಲ್ಲ, ಎಣ್ಣೆ ತೀರಿದ ದೀಪದ ಹಾಗೆ ಹೋದರು. ಅದಕ್ಕೆ ನಾಲ್ಕು ದಿನ ಮೊದಲಿನ ಒಂದು ಮಧ್ಯಾಹ್ನವನ್ನು ಬರೆಯದಿದ್ದರೆ ಇಷ್ಟು ಬರೆದದ್ದೂ ವ್ಯರ್ಥ.

ಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೊರಗೆ ಆಷಾಢದ ಗಾಳಿ ತೆಂಗಿನ ಗರಿಗಳನ್ನು ಎಳೆದಾಡುತ್ತಿತ್ತು. ನಾನು ಅವರ ತಲೆ ಬಾಚಿ ಸಣ್ಣ ಗಂಟು ಹಾಕಿದೆ. ನಡುಮನೆಯಿಂದ ಖಾಲಿ ಅಟ್ಟ ಕಾಣುತ್ತಿತ್ತು. ಕೂಗಿದರೆ ಕೇಳುವವರು ಅವತ್ತು ಯಾರೂ ಇರಲಿಲ್ಲ. ಪಕ್ಕದ ಮನೆಗೂ ಬೀಗ. ಆದರೂ ನಾನು ಅವರ ಹಿಂದೆ ಕೂತು, ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ, ಆ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ.

"ಅತ್ತೆ, ಅವತ್ತು ನಾನು ಕೇಳ್ಲೇ ಇಲ್ಲ. ಸುಮ್ನೆ ಹೇಳಿಬಿಟ್ಟೆ. ನಿಮ್ಮ ಕೈ ಕೆಟ್ಟಿರಲಿಲ್ಲ. ಭಾರ ಇದೆ ಅಂದ್ರಲ್ಲ, ಅದೇ ಸರಿ."

ಕಿವಿಗೆ ಉಸಿರು ತಾಗಿರಬೇಕು. ನಿಧಾನವಾಗಿ ತಿರುಗಿದರು. ನನ್ನ ತುಟಿಯ ಮೇಲೆ ಕಣ್ಣಿಟ್ಟರು, ಆ ಗುರುವಾರ ಇಟ್ಟ ಹಾಗೆಯೇ.

"ಏನಂದೆ? ಜೋರಾಗಿ ಹೇಳು ವತ್ಸಲ, ಕೇಳ್ಸಲಿಲ್ಲ."

ಗಾಳಿ ನಿಂತಿತ್ತು. ಅವರು ಕಾದರು. ಎರಡನೆಯ ಸಲವೂ ಕೇಳಿದರು, "ಏನೇ? ಏನಂದೆ?"

ನಾನು ಜೋರಾಗಿ ಹೇಳಿದೆ.

"ಊಟಕ್ಕೆ ಹಾಕ್ಲಾ ಅಂದೆ ಅತ್ತೆ!"

"ಹೂಂ" ಅಂದರು. "ಸ್ವಲ್ಪವೇ ಹಾಕು. ಬಿಸಿ ಇದೆಯಾ ನೀನೇ ನೋಡು, ನಂಗೆ ಗೊತ್ತಾಗಲ್ಲ."